ಬದಿ ಐದಾದರೆ ಓರೆ ಏಳು

ಚೌಕದ ಬದಿ ಐದಾದರೆ ಓರೆ ಏಳು. ಇದು ನಮ್ಮೂರಿನ ಟೈಲರ್ ಮಾಮನ ಲೆಕ್ಕ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಗೆ ಅವರು ಓರೆ ಎನ್ನುತ್ತಿದ್ದರು. ಐದು ಇಂಚಿನ ಚೌಕವಾದರೆ ಓರೆ ಏಳು ಇಂಚು, ಹತ್ತರದಾದರೆ ಹದಿನಾಲ್ಕು. ಏಳನೆಯ ಕ್ಲಾಸು ಮುಗಿಸಿ ಅವರ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಕಲಿಯಲು ಕುಳಿತ ಮೊದಲ ವಾರವೇ ನನಗೆ ಇದು ಬಾಯಿಪಾಠವಾಗಿತ್ತು. ದಿಂಬಿನ ಚೀಲ, ಕರ್ಚೀಫು, ರವಿಕೆಯ ಕ್ರಾಸ್ ಪಟ್ಟಿ, ಎಲ್ಲದಕ್ಕೂ ಅದೇ ಲೆಕ್ಕ. ಮೂವತ್ತು ವರ್ಷ ಅದು ನನಗೆ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಟ್ಟದ್ದು ಕುವೈತಿನಲ್ಲಿ, ನನಗೆ ಅದರ ಅಗತ್ಯ ಅತ್ಯಂತ ಹೆಚ್ಚಾಗಿದ್ದ ವಾರದಲ್ಲಿ.

ಮೊನ್ನೆ ನೀವಿಬ್ಬರು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಎರಡರ ವರ್ಗಮೂಲದ ಬಗ್ಗೆ ಜಗಳವಾಡುತ್ತಿದ್ದಿರಿ. ನಾನು ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದೆ. ಅಜ್ಜಿಯನ್ನು ಕೇಳೋಣವೇ ಎಂದು ಸಣ್ಣವಳು ತಮಾಷೆ ಮಾಡಿದಳು, ದೊಡ್ಡವಳು ನಕ್ಕಳು. ನನಗೂ ನಗು ಬಂತು, ಆದರೆ ಬೇರೆ ಕಾರಣಕ್ಕೆ. ನನಗೆ ಬಾಯಿ ಕಡಿಮೆ ಎಂದು ನಿಮಗೆ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ. ಓದಲು ತೊಡಕಾದರೆ ಅಮ್ಮನಿಂದ ಓದಿಸಿಕೊಳ್ಳಿ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಿಮ್ಮ ಅಮ್ಮ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನಾನು ಇಲ್ಲೇ ಕುವೈತಿನ ಒಂದು ಇಂಡಿಯನ್ ಶಾಲೆಯಲ್ಲಿ ಆಯಾ. ಕಾರಿಡಾರು ಒರೆಸುವುದು, ಸಣ್ಣ ಮಕ್ಕಳ ಮೂಗು ಒರೆಸುವುದು, ಎಲ್ಲಕ್ಕಿಂತ ಕಷ್ಟದ್ದು ಬಸ್ ಡ್ಯೂಟಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಲೆಯಂತಾದ ಬಸ್ಸಿನಲ್ಲಿ ನಿಂತು, ಒಂದೊಂದು ಮಗುವನ್ನೂ ಅದರ ಬಿಲ್ಡಿಂಗಿನ ಬಾಗಿಲಿಗೆ ಮುಟ್ಟಿಸಿ ಬರಬೇಕು. ಮಕ್ಕಳು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನಾನು ತಲೆಯಾಡಿಸುತ್ತಿದ್ದೆ. ಹೌದಕ್ಕೂ ಅದೇ, ಅಲ್ಲಕ್ಕೂ ಅದೇ.

ಆ ವರ್ಷ ಚಳಿಗಾಲದ ಮೊದಲಿಗೆ, ನಾಟಕದ ಉಡುಪುಗಳನ್ನು ಹೊಲಿಯುತ್ತಿದ್ದವರು ಕೆಲಸ ಬಿಟ್ಟು ಹೋದರು. ಸೂಪರ್‌ವೈಸರ್ ನನ್ನನ್ನು ಕರೆದರು. ಅವರು ನಮ್ಮ ಉಳ್ಳಾಲದ ಕಡೆಯ ಬ್ಯಾರಿ, ವಯಸ್ಸಿನಲ್ಲಿ ನನಗಿಂತ ಸಣ್ಣವರು, ಅಕ್ಕ ಎನ್ನುತ್ತಿದ್ದರು. ಆದರೆ ಕೆಲಸದ ವಿಷಯಕ್ಕೆ ಬಂದರೆ ತಮ್ಮನೂ ಅಲ್ಲ, ಅಣ್ಣನೂ ಅಲ್ಲ.

“ಹೊಲಿಗೆ ಕೋಣೆ ನಿಮಗೆ ಕೊಡ್ತೇನೆ ಅಕ್ಕ,” ಎಂದರು. “ಆದರೆ ಎಕ್ಸಿಬಿಷನ್ ಮುಗಿಯುವ ತನಕ ಮಾತ್ರ. ಆಗ ನೋಡುವ. ಸರಿ ಆಗದಿದ್ರೆ ಖಲಾಸ್, ವಾಪಸ್ ಬಸ್ಸಿಗೆ.”

ಆ ಕೋಣೆ ದೊಡ್ಡದೇನಲ್ಲ. ಒಂದು ಕಿಟಕಿ, ಒಂದು ಮಿಷನ್, ಗುರುಗುಟ್ಟುವ ಒಂದು ಏಸಿ, ಉದ್ದನೆಯ ಕತ್ತರಿಸುವ ಮೇಜು. ಅದರ ಬಾಗಿಲಿಗೆ ಬೀಗವಿತ್ತು, ಬೀಗದ ಕೈ ಸೂಪರ್‌ವೈಸರ್ ಬಳಿ. ಬೆಳಿಗ್ಗೆ ಕೇಳಿ ಪಡೆದು ಸಂಜೆ ಹಿಂದಿರುಗಿಸಬೇಕು. ಆದರೂ ಅಲ್ಲಿ ಕುಳಿತು ಮಿಷನ್ನಿನ ಚಕ್ರ ತಿರುಗಿಸಿದಾಗ, ಕುವೈತಿಗೆ ಬಂದ ಮೇಲೆ ಮೊದಲ ಸಲ ನಾನು ನಾನಾಗಿದ್ದೆ. ಆ ಕೋಣೆ ನನಗೆ ಬೇಕಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಅಷ್ಟೆ.

ಎಕ್ಸಿಬಿಷನ್ನಿಗೆ ಎಂಟನೇ ಕ್ಲಾಸಿನ ಗಣಿತದ ಮಿಸ್ ಒಂದು ದೊಡ್ಡ ಬಟ್ಟೆ ಮಾಡಿಸಲು ಹೊರಟಿದ್ದರು. ಅವರು ಮೈಸೂರು ಕಡೆಯವರು, ಮಾತು ಮೆದು. ಅವರ ಯೋಚನೆ ಹೀಗಿತ್ತು: ಎರಡು ಮೀಟರ್ ಬದಿಯ ಎರಡು ಚೌಕ, ಒಂದು ಹಳದಿ, ಒಂದು ನೀಲಿ. ಎರಡನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ನಾಲ್ಕು ತ್ರಿಕೋನ. ಅವುಗಳ ನೇರ ಮೂಲೆಗಳನ್ನು, ಅಂದರೆ ಲಂಬಕೋನದ ಮೂಲೆಗಳನ್ನು, ನಡುವೆ ಸೇರಿಸಿ ಹೊಲಿದರೆ, ಓರೆಗಳು ನಾಲ್ಕೂ ಹೊರಗೆ ಬಂದು ಒಂದೇ ದೊಡ್ಡ ಚೌಕ. ಎರಡು ಚೌಕದ ಬಟ್ಟೆ ಪೂರ್ತಿ ಅದರಲ್ಲಿದೆ, ಆದ್ದರಿಂದ ಅದು ಒಂದರ ಎರಡು ಪಟ್ಟು. ಆದರೆ ಬದಿ ಎರಡು ಪಟ್ಟಾಗಿಲ್ಲ. ಹಾಗಾದರೆ ಎಷ್ಟಾಗಿದೆ? ಅದೇ ಪಾಠ. ಆ ಬಟ್ಟೆಯನ್ನು ಕಬ್ಬಿಣದ ಪೈಪಿನ ಚೌಕಟ್ಟಿಗೆ ಬಿಗಿದು ಹಾಲ್‌ನ ಬಾಗಿಲಲ್ಲಿ ನಿಲ್ಲಿಸಬೇಕು.

ನಾನು ಕುವೈತ್ ಸಿಟಿಯ ಹಳೆಯ ಪೇಟೆಗೆ, ಇಲ್ಲಿಯವರು ಹೇಳುವ ಸೂಕಿಗೆ, ಹೋಗಿ ಬೆಡ್‌ಶೀಟಿನ ಅಗಲದ ದಪ್ಪ ಹತ್ತಿ ಬಟ್ಟೆ ತಂದೆ. ಹಳದಿ ಥಾನಿನಲ್ಲಿ ಅಷ್ಟೇ ಉಳಿದದ್ದು, ಇನ್ನು ಬರುವುದಿಲ್ಲ ಎಂದು ಅಂಗಡಿಯವನು ಖಾಲಿ ರಟ್ಟಿನ ಕೊಳವೆ ತೋರಿಸಿದ. ಹೊಲಿಗೆಗೆ ಬೇಕಾದಷ್ಟು ಅಂಚು ಬಿಟ್ಟು, ಹೊಲಿದ ಮೇಲೆ ಸರಿಯಾಗಿ ಇನ್ನೂರು ಸೆಂಟಿಮೀಟರ್ ಉಳಿಯುವಂತೆ ಚಾಕಿನಲ್ಲಿ ಗೆರೆ ಹಾಕಿದೆ. ಕತ್ತರಿಸುವ ದಿನ ಎಂಟನೇ ಕ್ಲಾಸಿನ ಮಕ್ಕಳು ಸುತ್ತ ನಿಂತು ನೋಡಿದರು.

ಆ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಮಂಗಳೂರಿನ ಕೊಂಕಣಿ ಮನೆಯವಳು. ಅವಳ ಅಪ್ಪ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ವೆಲ್ಡಿಂಗ್ ಫೋರ್‌ಮನ್. ಚೌಕಟ್ಟು ಮಾಡಿಕೊಡಲು ಒಪ್ಪಿದವರೂ ಅವರೇ. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು. ಬಿಡುವಿನಲ್ಲಿ ನನ್ನ ಕೋಣೆಗೆ ಬಂದು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾ ಗುಂಡಿ ಡಬ್ಬಿಯನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಕ್ಲಾಸಿನಲ್ಲಿ ಮಾತ್ರ ಅವಳೂ ನನ್ನ ಹಾಗೆ, ಬಾಯಿ ಬಿಡುತ್ತಿರಲಿಲ್ಲ.

ಒಂದು ಬುಧವಾರ ಅವಳು ಓಡಿಬಂದಳು. “ಆಂಟಿ, ಫ್ರೇಮಿನ ಸೈಜ್ ಬೇಕಂತೆ. ಡ್ಯಾಡಿ ಗೇಟಲ್ಲಿ ವೇಟಿಂಗ್. ಮಿಸ್ ಇವತ್ತು ಲೀವ್.”

ನಾನು ತಡಮಾಡಲಿಲ್ಲ. ಬದಿ ಇನ್ನೂರು. ಇನ್ನೂರು ಎಂದರೆ ಐದು ನಲವತ್ತಲಿ. ಹಾಗಾದರೆ ಓರೆ ಏಳು ನಲವತ್ತಲಿ. ಕಾಗದ ಬೇಡ, ಪೆನ್ಸಿಲ್ ಬೇಡ.

“ಇನ್ನೂರ ಎಂಬತ್ತು ಸೆಂಟಿಮೀಟರ್ ಹೇಳು,” ಎಂದೆ.

ಹುಡುಗಿ ಕಣ್ಣರಳಿಸಿದಳು. ಇಷ್ಟು ಬೇಗ ಲೆಕ್ಕ ಹಾಕುವವರನ್ನು ಅವಳು ನೋಡಿರಲಿಲ್ಲ. ನನಗೂ ಒಳಗೊಳಗೆ ಹೆಮ್ಮೆಯಾಯಿತು. ಆ ಶಾಲೆಯಲ್ಲಿ ನಾನು ತಡವರಿಸದೆ ಹೇಳಿದ ಮೊದಲ ಮಾತು ಅದು. ತಪ್ಪಾದ ಮಾತೂ ಅದೇ. ಸದಾ ಮಾತನಾಡುವವರು ಹೇಳಿದ್ದರೆ ಯಾರಾದರೂ ಇನ್ನೊಮ್ಮೆ ಅಳೆದು ನೋಡುತ್ತಿದ್ದರೋ ಏನೋ. ಮಾತನಾಡದವಳು ಹೇಳಿದ್ದರಿಂದ ಎಲ್ಲರೂ ನಂಬಿದರು.

ಶುಕ್ರವಾರ, ಶನಿವಾರ ರಜೆ ಕಳೆದು ಭಾನುವಾರ ಚೌಕಟ್ಟು ಬಂತು. ನಾಲ್ಕು ಜನ ಹೊತ್ತು ತಂದರು. ಮೂಲೆಗಳಿಗೆ ತಗಡು ಇಟ್ಟು ವೆಲ್ಡ್ ಮಾಡಿ, ಉಜ್ಜಿ, ಬಿಳಿ ಬಣ್ಣ ಬಳಿದಿದ್ದರು. ಫೋರ್‌ಮನ್ ಜೇಬಿನಿಂದ ಸ್ಟೀಲ್ ಟೇಪ್ ತೆಗೆದು ನನ್ನೆದುರೇ ಅಳೆದರು. ನೀವು ಕೊಟ್ಟ ಅಳತೆ, ಒಂದು ಮಿಲ್ಲಿ ಆಚೆ ಈಚೆ ಇಲ್ಲ ಎಂದರು. ಮರುದಿನದಿಂದ ರಿಫೈನರಿಯಲ್ಲಿ ಯಂತ್ರ ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ, ಇನ್ನು ಗುರುವಾರ ಎಕ್ಸಿಬಿಷನ್ ದಿನವೇ ಬರುವುದು ಎಂದು ಹೇಳಿ ಹೋದರು.

ಅಂದೇ ನಾಲ್ಕು ತ್ರಿಕೋನ ಸೇರಿಸಿ ಹೊಲಿದೆ. ಹೊರಗಿನ ಅಂಚಿಗೆ ಇಡಲು ನಾಲ್ಕು ಗಟ್ಟಿ ಪಟ್ಟಿಗಳನ್ನು ಇನ್ನೂರ ಎಂಬತ್ತಕ್ಕೆ ಕತ್ತರಿಸಿಟ್ಟಿದ್ದೆ. ಪಟ್ಟಿಯನ್ನು ಬಟ್ಟೆಯ ಮೇಲಿಟ್ಟು ಗುಂಡುಸೂಜಿ ಚುಚ್ಚುತ್ತಾ ಹೋದೆ. ಕೊನೆಗೆ ಬಂದಾಗ ಪಟ್ಟಿ ಮುಗಿದಿತ್ತು, ಬಟ್ಟೆ ಮುಗಿದಿರಲಿಲ್ಲ. ಎರಡು ಬೆರಳಿನಷ್ಟು ಹೊರಗೆ ಉಳಿದಿತ್ತು. ನಾಲ್ಕು ಬದಿಯೂ ಹಾಗೆಯೇ.

ಹೊಲಿಗೆ ಗೊತ್ತಿದ್ದವರು ಇಂಥ ಹೊತ್ತಿನಲ್ಲಿ ಲೆಕ್ಕವನ್ನು ಸಂಶಯಪಡುವುದಿಲ್ಲ, ಬಟ್ಟೆಯನ್ನು ಸಂಶಯಪಡುತ್ತಾರೆ. ನೂಲಿನ ನೇರಕ್ಕೆ ಕತ್ತರಿಸಿದ ಬಟ್ಟೆ ಎಳೆದರೆ ಬರುವುದಿಲ್ಲ. ಕ್ರಾಸಿಗೆ ಕತ್ತರಿಸಿದ್ದು ರಬ್ಬರಿನ ಹಾಗೆ ಬರುತ್ತದೆ. ನಮ್ಮ ದೊಡ್ಡ ಚೌಕದ ಹೊರಗಿನ ಅಂಚು ನಾಲ್ಕೂ ಕ್ರಾಸ್. ಎಳೆದಿದೆ, ಅಷ್ಟೇ ತಾನೆ ಎಂದುಕೊಂಡೆ. ಬಟ್ಟೆಯನ್ನು ಒದ್ದೆ ಮಾಡಿ, ಇಸ್ತ್ರಿ ಒತ್ತಿ, ಹೆಚ್ಚಾದದ್ದನ್ನು ಸಣ್ಣಗೆ ಸುಕ್ಕು ಕೂಡಿಸಿ ಪಟ್ಟಿಯೊಳಗೆ ತುರುಕಿ ಹೊಲಿದುಬಿಟ್ಟೆ. ಸೋಮವಾರ ಬೆಳಿಗ್ಗೆ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿದರೆ ಅಂಚು ನೆಟ್ಟಗೆ, ನಡುವೆ ಮಾತ್ರ ಬಟ್ಟೆ ಜೋಲಿ ಮುಂದಕ್ಕೆ ಬಂದಿತ್ತು.

ಸೂಪರ್‌ವೈಸರ್ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಬಂದರು.

“ಎಂತ ಅಕ್ಕ ಇದು, ಬಿರಿಯಾನಿ ತಿಂದ ಹೊಟ್ಟೆ ಹಾಗೆ ಉಂಟಲ್ಲ,” ಎಂದರು.

ಸರಿಮಾಡುತ್ತೇನೆ ಎಂದೆ. ಅವರು ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದರು. “ಬುಧವಾರ ಮಧ್ಯಾಹ್ನದ ಬಾಂಗಿನ ಒಳಗೆ ಆಗ್ಬೇಕು. ಇಲ್ಲದಿದ್ರೆ ಸ್ಟೋರಿಂದ ಕಪ್ಪು ಪರದೆ ತಂದು ಇಲ್ಲಿ ಹಾಕ್ತೇನೆ. ಮತ್ತೆ ನಿಮಗೆ ಗೊತ್ತುಂಟಲ್ಲ.”

ಗೊತ್ತಿತ್ತು. ಗಣಿತದ ಮಿಸ್ ಅಂದು ಶಾಲೆಯಲ್ಲೇ ಇದ್ದರು. ಹೋಗಿ ಹೇಳಬಹುದಿತ್ತು. ನಾಚಿಕೆಯಾಯಿತು. ಎರಡು ಸಲ ಸ್ಟಾಫ್ ರೂಮಿನ ಬಾಗಿಲ ತನಕ ಹೋಗಿ, ಅಲ್ಲಿಟ್ಟಿದ್ದ ನೀರಿನ ಕ್ಯಾನಿನಿಂದ ನೀರು ಕುಡಿದು ಬಂದೆ.

ಮಧ್ಯಾಹ್ನ ಬಸ್ಸುಗಳೆಲ್ಲ ಹೋದ ಮೇಲೆ ಹಾಲ್ ಖಾಲಿಯಾಯಿತು. ಪಟ್ಟಿ ಬಿಚ್ಚುತ್ತಾ ಕುಳಿತಿದ್ದಾಗ ನೆಲದ ಟೈಲ್ಸಿನ ಗೆರೆಗಳು ಕಣ್ಣಿಗೆ ಬಿದ್ದವು. ಬಟ್ಟೆ ಎಳೆಯುತ್ತದೆ. ನೆಲ ಎಳೆಯುವುದಿಲ್ಲವಲ್ಲ? ಟೈಲ್ಸಿನ ಗೆರೆ ಹಿಡಿದು ಚಾಕಿನಲ್ಲಿ ಇನ್ನೂರು ಸೆಂಟಿಮೀಟರಿನ ಚೌಕ ಬರೆದೆ. ಒಂದು ಮೂಲೆಯಲ್ಲಿ ಟೇಪಿನ ತುದಿಯನ್ನು ಕುರ್ಚಿಯ ಕಾಲಿನಡಿ ಒತ್ತಿಟ್ಟು, ಮೊಣಕಾಲಲ್ಲಿ ತೆವಳಿಕೊಂಡು ಎದುರು ಮೂಲೆಗೆ ಹೋದೆ. ಇನ್ನೂರ ಎಂಬತ್ತು ದಾಟಿತು. ಎಂಬತ್ತೊಂದು ದಾಟಿತು. ಎಂಬತ್ತೆರಡೂ ದಾಟಿ, ಎಂಬತ್ತಮೂರಕ್ಕೆ ಒಂದಿಷ್ಟು ಮೊದಲು ಮೂಲೆ ಬಂತು. ಮತ್ತೊಮ್ಮೆ ಅಳೆದೆ. ಇನ್ನೊಂದು ಓರೆಯನ್ನೂ ಅಳೆದೆ. ಅಷ್ಟೇ.

ಬಟ್ಟೆ ಎಳೆದಿರಲಿಲ್ಲ. ಟೈಲರ್ ಮಾಮನ ಲೆಕ್ಕವೇ ಗಿಡ್ಡ. ಅದು ಹೇಗೆ ಮೂವತ್ತು ವರ್ಷ ಗೊತ್ತಾಗಲಿಲ್ಲ ಎಂದರೆ, ಕರ್ಚೀಫಿನಲ್ಲಿ ಆ ವ್ಯತ್ಯಾಸ ಒಂದೆರಡು ನೂಲು, ಮಡಚಿ ಹೊಲಿದ ಅಂಚೊಳಗೆ ಮುಚ್ಚಿಹೋಗುತ್ತದೆ. ಎರಡು ಮೀಟರಿನ ಚೌಕದಲ್ಲಿ ಮುಚ್ಚಿಕೊಳ್ಳಲು ಜಾಗವಿರಲಿಲ್ಲ.

ಫೋರ್‌ಮನ್ನನ ಮಗಳು ಡ್ರಾಯಿಂಗ್ ತರಗತಿಗಾಗಿ ಅಂದು ಉಳಿದಿದ್ದಳು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ನಾನು ಕತ್ತರಿ ಕೈಗೆತ್ತಿಕೊಂಡಿದ್ದೆ. ಸುತ್ತಲೂ ಒಂದೂವರೆ ಸೆಂಟಿಮೀಟರ್ ಕತ್ತರಿಸಿ ತೆಗೆದರೆ ಚೌಕಟ್ಟಿಗೆ ಸರಿಹೋಗುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ.

ಅವಳು ಹತ್ತಿರ ಬಂದು ಕತ್ತರಿಯನ್ನೇ ನೋಡಿದಳು. “ಕಟ್ ಮಾಡಿದ್ರೆ ಡಬಲ್ ಆಗಲ್ಲ ಅಲ್ವಾ ಆಂಟಿ?” ಎಂದಳು. “ನಾವು ಡಬಲ್ ಅಂತ ಬೋರ್ಡ್ ಬರೆದಿದ್ದೇವೆ.”

ಕತ್ತರಿ ಕೆಳಗಿಟ್ಟೆ. ಬೋರ್ಡು ಬರೆದವಳು ಅವಳೇ ಎಂದು ನನಗೆ ಗೊತ್ತಿತ್ತು. ಒಂದು ಅಕ್ಷರ ಸೊಟ್ಟಗಾಗಿದೆ ಎಂದು ಮೂರು ಸಲ ಬರೆದಿದ್ದಳು. ಬಸ್ ಡ್ಯೂಟಿಗೆ ಹೋಗುವುದಾದರೆ ಹೋಗುತ್ತೇನೆ, ಆದರೆ ಆ ಬೋರ್ಡಿನ ಪಕ್ಕದಲ್ಲಿ ಸುಳ್ಳು ಬಟ್ಟೆ ನಿಲ್ಲಿಸುವುದು ನನ್ನಿಂದಾಗದು ಎನಿಸಿತು. ನಾಳೆ ನಿಮ್ಮ ಕ್ಲಾಸಿಗೆ ಬಂದು ತಪ್ಪು ನನ್ನದು ಎಂದು ಹೇಳುತ್ತೇನೆ, ನನ್ನ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತೀಯಾ ಎಂದು ಕೇಳಿದೆ. ಅವಳು ಹೆದರಿದಳು. ಸ್ವಲ್ಪ ಹೊತ್ತು ಗುಂಡುಸೂಜಿಗಳನ್ನು ಎಣಿಸಿದಳು. ಆಮೇಲೆ ಆಯ್ತು ಎಂದಳು.

ಮಂಗಳವಾರ ಮೊದಲೆರಡು ಪೀರಿಯಡ್ ಗಣಿತ. ಬಾಗಿಲಲ್ಲಿ ನಿಂತ ನನ್ನನ್ನು ಮಿಸ್ ಒಳಗೆ ಕರೆದರು. ನಲವತ್ತು ಮಕ್ಕಳ ಎದುರು ನಿಂತಾಗ ಸೆರಗಿನ ತುದಿ ಬೆರಳಿಗೆ ಎಷ್ಟು ಸುತ್ತು ಸುತ್ತಿದೆನೋ ನೆನಪಿಲ್ಲ. ಚೌಕಟ್ಟಿನ ಅಳತೆ ಕೊಟ್ಟದ್ದು ನಾನು, ಅದು ತಪ್ಪು, ಈಗ ಬಟ್ಟೆ ಕೂರುತ್ತಿಲ್ಲ ಎಂದೆ. ಹುಡುಗಿ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಅವಳ ದನಿ ನನ್ನದಕ್ಕಿಂತ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ.

ಮಿಸ್ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. “ಇನ್ನೂರ ಎಂಬತ್ತು ಹೇಗೆ ಬಂತು? ಆ ಲೆಕ್ಕ ನಮಗೂ ಹೇಳಿ.”

ಬದಿ ಐದಾದರೆ ಓರೆ ಏಳು, ಊರಿನ ಜಗಲಿಯಲ್ಲಿ ಟೈಲರ್ ಮಾಮ ಕಲಿಸಿದ್ದು ಎಂದೆ. ಮಿಸ್ ಅದನ್ನು ಬೋರ್ಡಿನ ಮೇಲೆ ಬರೆದರು. ಐದೈದಲಿ ಇಪ್ಪತ್ತೈದು, ಅಂಥವು ಎರಡು, ಐವತ್ತು. ದೊಡ್ಡ ಚೌಕ ಐವತ್ತು ಆಗಬೇಕು. ಏಳೇಳಲಿ ನಲವತ್ತೊಂಬತ್ತು. ಹಿಂದಿನ ಬೆಂಚಿನಿಂದ ಯಾರೋ ಒಂದೇ ಕಮ್ಮಿ ಎಂದು ನಕ್ಕರು. ಮಿಸ್ ತಾವೂ ನಕ್ಕು, ಆ ಒಂದೇ ನಮ್ಮ ಹಾಲ್‌ನಲ್ಲಿ ಮೂರು ಸೆಂಟಿಮೀಟರ್ ಆಗಿ ನಿಂತಿದೆ ಎಂದರು. ಜಗಲಿಯಲ್ಲಿ ಕುಳಿತ ಟೈಲರ್ ಒಬ್ಬರು ಐವತ್ತರ ವರ್ಗಮೂಲವನ್ನು ಏಳು ಎಂದು ಅಂದಾಜು ಮಾಡಿದ್ದರು, ಅದು ಕೆಟ್ಟ ಅಂದಾಜಲ್ಲ ಎಂದೂ ಹೇಳಿದರು. ಆ ಮಾತಿನಿಂದ ನನ್ನ ಬೆರಳಿನಿಂದ ಸೆರಗು ಬಿಚ್ಚಿತು.

ಆಮೇಲೆ ಅವರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಕಬ್ಬಿಣ ಉದ್ದವಾಗುವುದಿಲ್ಲ. ಚೌಕಟ್ಟು ಇನ್ನೂರ ಎಂಬತ್ತೇ. ಹಾಗಾದರೆ ಎಷ್ಟು ಬದಿಯ ಎರಡು ಚೌಕ ಸೇರಿದರೆ ಇದಕ್ಕೆ ಸರಿಹೋಗುತ್ತದೆ? ಮಕ್ಕಳು ಬರೆದರು. ಇನ್ನೂರ ಎಂಬತ್ತನ್ನು ಅದರಿಂದಲೇ ಗುಣಿಸಿದರೆ ಎಪ್ಪತ್ತೆಂಟು ಸಾವಿರದ ನಾನೂರು. ಅದರ ಅರ್ಧ ಮೂವತ್ತೊಂಬತ್ತು ಸಾವಿರದ ಇನ್ನೂರು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇಷ್ಟು ಬರುತ್ತದೆ? ಕ್ಯಾಲ್ಕುಲೇಟರ್ ಮುಟ್ಟುವಂತಿರಲಿಲ್ಲ. ನೂರ ತೊಂಬತ್ತಕ್ಕೆ ಮೂವತ್ತಾರು ಸಾವಿರದ ನೂರು, ಕಡಿಮೆ. ಇನ್ನೂರಕ್ಕೆ ನಲವತ್ತು ಸಾವಿರ, ಹೆಚ್ಚು. ಇನ್ನೂರಕ್ಕೇ ಹತ್ತಿರ.

ಆಗ ನನ್ನ ತಲೆಯಲ್ಲಿ ಊರ ಶಾಲೆಯ ಬಾಯಿಲೆಕ್ಕ ತಾನಾಗಿ ಓಡಿತು. ನೂರ ತೊಂಬತ್ತೆಂಟು ಎಂದರೆ ಇನ್ನೂರಕ್ಕೆ ಎರಡು ಕಡಿಮೆ. ನಲವತ್ತು ಸಾವಿರದಿಂದ ಎಂಟುನೂರು ತೆಗೆದು ನಾಲ್ಕು ಕೂಡಿಸು. ಮೂವತ್ತೊಂಬತ್ತು ಸಾವಿರದ ಇನ್ನೂರ ನಾಲ್ಕು. ಪಕ್ಕದಲ್ಲಿದ್ದ ಹುಡುಗಿಯ ಕಿವಿಯಲ್ಲಿ ಹೇಳಿದೆ. ಅವಳು ಕೈಯೆತ್ತಿ ನೂರ ತೊಂಬತ್ತೆಂಟು ಎಂದಳು. ಆ ವರ್ಷ ಅವಳು ಕ್ಲಾಸಿನಲ್ಲಿ ಕೈಯೆತ್ತಿದ್ದು ಅದೇ ಮೊದಲು ಎಂದು ಮಿಸ್ ನನಗೆ ಆಮೇಲೆ ಹೇಳಿದರು. ಮಕ್ಕಳು ಗುಣಿಸಿ ನೋಡಿದರು. ಬೇಕಾದದ್ದಕ್ಕಿಂತ ನಾಲ್ಕು ಮಾತ್ರ ಹೆಚ್ಚು. ನೂರ ತೊಂಬತ್ತೇಳಕ್ಕೆ ಮುನ್ನೂರ ತೊಂಬತ್ತೊಂದು ಕಡಿಮೆ ಬರುತ್ತಿತ್ತು.

ಬದಿಗೆ ಎರಡು ಸೆಂಟಿಮೀಟರ್ ಕಡಿಮೆ ಮಾಡಿದರೆ ಸಾಕು. ಅದನ್ನು ಕತ್ತರಿಯಿಲ್ಲದೆ ಮಾಡುವುದು ಹೇಗೆ ಎಂದು ಹೇಳಬೇಕಾದದ್ದು ಈಗ ನಾನು. ಒಂದು ಕಾಗದದ ತ್ರಿಕೋನ ಕೇಳಿದೆ. ನೇರ ಮೂಲೆ ಕೂಡುವ ಎರಡು ಬದಿಗಳನ್ನೂ ಒಂದೊಂದು ಬೆರಳು ಒಳಕ್ಕೆ ಮಡಚಿ ತೋರಿಸಿದೆ. ಇಲ್ಲಿ ಒಂದು ಬೆರಳು, ಅಲ್ಲಿ ಒಂದು ಬೆರಳು, ಬದಿಯಿಂದ ಎರಡು ಬೆರಳು ಹೋಯಿತು. ಹೊರಗಿನ ಓರೆಯಿಂದ ಹೋದದ್ದು ಹೆಚ್ಚುಕಡಿಮೆ ಮೂರು ಬೆರಳು. ಹಾಗಾದರೆ ಹೊರಗಿನ ಅಂಚು ಮುಟ್ಟುವುದೇ ಬೇಡ. ನಡುವಿನ ಹೊಲಿಗೆ ಬಿಚ್ಚಿ ಒಂದು ಸೆಂಟಿಮೀಟರ್ ಒಳಗೆ ಹೊಲಿದರೆ ಆಯಿತು. ಡಬಲ್ ಡಬಲ್ಲಾಗಿಯೇ ಇರುತ್ತದೆ, ಚೌಕ ಸ್ವಲ್ಪ ಸಣ್ಣದಾಗುತ್ತದೆ ಅಷ್ಟೆ. ಮಿಸ್ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಕೆಯನ್ನು ಬಿಚ್ಚಿ, ಮತ್ತೆ ಮಡಚಿ ನೋಡಿದರು.

ನಾನು ಹೊರಡಬೇಕಿತ್ತು. ಹಿಂದಿನ ಬೆಂಚಿನವನು ಬಿಡಲಿಲ್ಲ. ನಾಲ್ಕು ಹೆಚ್ಚಾಯಿತಲ್ಲ, ಸರಿಯಾದ ಸಂಖ್ಯೆ ಯಾವುದು ಎಂದು ಕೇಳಿದ. ಅಳೆಯಲಾಗದಷ್ಟು ಸಣ್ಣ ವ್ಯತ್ಯಾಸ, ಬಿಡು ಎಂದು ನಾನಾಗಿದ್ದರೆ ಹೇಳುತ್ತಿದ್ದೆ. ಮಿಸ್ ಹುಡುಕಲು ಹೇಳಿದರು. ನೂರ ತೊಂಬತ್ತೇಳು ಪಾಯಿಂಟ್ ಒಂಬತ್ತೆಂಟಕ್ಕೆ ಕಡಿಮೆ, ಪಾಯಿಂಟ್ ಒಂಬತ್ತೊಂಬತ್ತಕ್ಕೆ ಚೂರೇ ಚೂರು ಹೆಚ್ಚು. ನಡುವೆ ಇನ್ನೊಂದು ಅಂಕಿ, ಅದರ ನಡುವೆ ಮತ್ತೊಂದು. ಬೋರ್ಡಿನ ಬಲ ತುದಿ ಬಂತು, ಸಂಖ್ಯೆ ಮುಗಿಯಲಿಲ್ಲ.

ದಶಮಾಂಶ ಬೇಡ, ಟೈಲರ್ ಮಾಮನ ದಾರಿಯಲ್ಲೇ ಹೋಗೋಣ ಎಂದರು ಮಿಸ್. ಐದಕ್ಕೆ ಏಳು ಸರಿಯಲ್ಲ ಸರಿ, ಆದರೆ ಬದಿಯನ್ನು ಬೇರೆ ಎಷ್ಟಾದರೂ ಸಮಭಾಗ ಮಾಡಿ, ಅದೇ ಭಾಗಗಳಿಂದ ಓರೆಯನ್ನು ಪೂರ್ತಿ ಅಳೆಯಲು ಆಗುತ್ತದೆಯೇ? ಬೋರ್ಡಿನಲ್ಲಿ ಎರಡು ಸಾಲು ಬರೆಸಿದರು. ಮೇಲೆ ಬದಿಯ ವರ್ಗದ ಎರಡು ಪಟ್ಟು: ಎರಡು, ಎಂಟು, ಹದಿನೆಂಟು, ಮೂವತ್ತೆರಡು, ಐವತ್ತು, ಎಪ್ಪತ್ತೆರಡು. ಕೆಳಗೆ ಬರಿಯ ವರ್ಗಗಳು: ಒಂದು, ನಾಲ್ಕು, ಒಂಬತ್ತು, ಹದಿನಾರು. ಎರಡೂ ಸಾಲಿನಲ್ಲಿ ಒಂದೇ ಸಂಖ್ಯೆ ಸಿಕ್ಕಿದರೆ ಗೆದ್ದ ಹಾಗೆ. ಹನ್ನೆರಡಕ್ಕೆ ಹದಿನೇಳು ಎಂದು ಒಬ್ಬಳು ಕೂಗಿದಳು. ಒಂದು ಕಡೆ ಇನ್ನೂರ ಎಂಬತ್ತೆಂಟು, ಇನ್ನೊಂದು ಕಡೆ ಇನ್ನೂರ ಎಂಬತ್ತೊಂಬತ್ತು. ಈ ಸಲ ಒಂದು ಹೆಚ್ಚು. ಕ್ಲಾಸಿಡೀ ಅಯ್ಯೋ ಎಂದಿತು.

ನಾನು ಬೋರ್ಡು ನೋಡುತ್ತಿದ್ದೆ. ಸೀರೆಯ ಅಂಚು ನೋಡುವ ಕಣ್ಣು ನನ್ನದು, ಒಂದು ಹೂವು ಎಲ್ಲಿ ಮತ್ತೆ ಬರುತ್ತದೆ ಎಂದು ಹುಡುಕುವ ಅಭ್ಯಾಸ. ಮೇಲಿನ ಸಾಲಿನ ಕೊನೆಯ ಅಂಕಿಗಳನ್ನು ಮಾತ್ರ ನೋಡಿದರೆ ಎರಡು, ಎಂಟು, ಎಂಟು, ಎರಡು, ಸೊನ್ನೆ. ಮತ್ತೆ ಎರಡು, ಎಂಟು, ಎಂಟು, ಎರಡು, ಸೊನ್ನೆ. ಅಂಚಿನ ಹೂವಿನಂತೆಯೇ. ಕೆಳಗಿನ ಸಾಲಿನಲ್ಲಿ ಎರಡೂ ಇಲ್ಲ, ಎಂಟೂ ಇಲ್ಲ. ಮಗ್ಗಿಯಲ್ಲಿ ಚಿಕ್ಕಂದಿನಿಂದ ಹೇಳಿದ್ದೇ. ಒಂದೊಂದಲಿ ಒಂದರಿಂದ ಹತ್ತ್ಹತ್ತಲಿ ನೂರರವರೆಗೆ ಯಾವುದೂ ಎರಡರಲ್ಲಿ, ಎಂಟರಲ್ಲಿ ಮುಗಿಯುವುದಿಲ್ಲ.

ಕರೆಯದೆ, ಕೇಳದೆ ನಾನು ಮಾತನಾಡಿದೆ. “ಮಿಸ್, ಇವೆರಡು ಸೊನ್ನೆಯಲ್ಲಿ ಬಿಟ್ರೆ ಬೇರೆ ಎಲ್ಲೂ ಸೇರುವುದಿಲ್ಲ.”

ಮಿಸ್ ತಿರುಗಿ ನಿಂತರು. ನಾನು ಬೋರ್ಡಿನ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದೆ. ಅವರು ಚಾಕ್ ತೆಗೆದುಕೊಂಡು ಉಳಿದದ್ದನ್ನು ಮುಗಿಸಿದರು. ಸೊನ್ನೆಯಲ್ಲಿ ಸೇರಬೇಕಾದರೆ ಬದಿಯೂ ಓರೆಯೂ ಐದರಿಂದ ಭಾಗವಾಗಲೇಬೇಕು. ಎರಡನ್ನೂ ಐದನೇ ಒಂದು ಭಾಗಕ್ಕೆ ಇಳಿಸಿದರೆ ಆ ಸಣ್ಣವೂ ಸೇರಬೇಕು. ಅವು ಸೇರುವುದೂ ಸೊನ್ನೆಯಲ್ಲೇ, ಹಾಗಾದರೆ ಅವೂ ಐದರಿಂದ ಭಾಗವಾಗಬೇಕು, ಮತ್ತೆ ಇಳಿಸಬೇಕು. ಹೀಗೆ ಇಳಿಸುತ್ತಲೇ ಇರಲು ಪೂರ್ಣಸಂಖ್ಯೆಗೆ ಸಾಧ್ಯವಿಲ್ಲ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಆದ್ದರಿಂದ ಎಷ್ಟು ಹುಡುಕಿದರೂ ಆ ಜೋಡಿ ಸಿಗುವುದಿಲ್ಲ. ಇಂಥ ಉದ್ದಕ್ಕೆ ಕನ್ನಡದಲ್ಲಿ ಅಭಾಗಲಬ್ಧ ಸಂಖ್ಯೆ ಎನ್ನುತ್ತಾರೆ ಎಂದು ನನ್ನ ಕಡೆ ನೋಡಿ ಹೇಳಿದರು.

“ಹಾಗಾದ್ರೆ ನೆವರ್, ಆಂಟಿ,” ಎಂದಳು ಫೋರ್‌ಮನ್ನನ ಮಗಳು. ಬೇಸರದಿಂದ ಅಲ್ಲ, ಏನೋ ಸಿಕ್ಕಿದವಳ ಹಾಗೆ.

ಕಾರಿಡಾರಿನಲ್ಲಿ ನಡೆದು ಬರುವಾಗ ನನಗೆ ನಗು ಬರುತ್ತಿತ್ತು. ಎರಡು ತುದಿಯನ್ನೂ ನನ್ನ ಕೈಯಲ್ಲಿ ಹಿಡಿದ ಬಟ್ಟೆ. ಇಲ್ಲಿ ಶುರುವಾಗಿ ಅಲ್ಲಿ ಮುಗಿಯುತ್ತದೆ. ಅದರ ಉದ್ದ ಮಾತ್ರ ಬರೆದು ಮುಗಿಯುವುದಿಲ್ಲ. ಟೈಲರ್ ಮಾಮ ಇದ್ದಿದ್ದರೆ ಹೇಳಬೇಕಿತ್ತು.

ಹೊಲಿಗೆ ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ಬಿಡುವಿನಲ್ಲಿ ಐದಾರು ಹುಡುಗಿಯರು ಬಂದು ಬ್ಲೇಡಿನ ಮೊಂಡು ತುದಿಯಲ್ಲಿ ಒಂದೊಂದೇ ಹೊಲಿಗೆ ಎತ್ತಿಕೊಟ್ಟರು. ಹಳೆಯ ಸೂಜಿಯ ತೂತುಗಳ ಸಾಲಿನಿಂದ ಸರಿಯಾಗಿ ಒಂದು ಸೆಂಟಿಮೀಟರ್ ಒಳಗೆ ಹೊಸ ಗೆರೆ ಹಾಕಿದೆ. ನಾಲ್ಕು ತ್ರಿಕೋನಗಳ ತುದಿ ನಡುವೆ ಒಂದೇ ಬಿಂದುವಿನಲ್ಲಿ ಕೂಡಬೇಕು, ಇಲ್ಲದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಅಲ್ಲಿ ಮಿಷನ್ ನಿಲ್ಲಿಸಿ ಕೈಯಿಂದ ಹೊಲಿದೆ. ಬುಧವಾರ ಬೆಳಿಗ್ಗೆ ಅಂಚಿಗೆ ಪಟ್ಟಿ ಇಟ್ಟೆ. ಗುಂಡುಸೂಜಿ ಚುಚ್ಚುತ್ತಾ ಕೊನೆಗೆ ಬಂದಾಗ ಪಟ್ಟಿಯೂ ಬಟ್ಟೆಯೂ ಒಟ್ಟಿಗೆ ಮುಗಿದವು. ನಾಲ್ಕು ಬದಿಯೂ. ನಾನು ಮೇಜಿನ ಮೇಲೆ ತಲೆಯಿಟ್ಟು ಒಂದು ನಿಮಿಷ ಹಾಗೇ ಕುಳಿತೆ.

ಬಾಂಗ್ ಕೂಗುವ ಹೊತ್ತಿಗೆ ಬಟ್ಟೆ ಚೌಕಟ್ಟಿನಲ್ಲಿತ್ತು. ಬೆರಳಿನಲ್ಲಿ ತಟ್ಟಿದರೆ ಚೆಂಡೆಯ ಹಾಗೆ ಸದ್ದು. ಸೂಪರ್‌ವೈಸರ್ ಬಂದು ತಟ್ಟಿದರು, ಇನ್ನೊಮ್ಮೆ ತಟ್ಟಿದರು, ನಮಾಜಿಗೆ ಹೋದರು.

ಗುರುವಾರ ಫೋರ್‌ಮನ್ ಬಂದರು, ಜೇಬಿನಲ್ಲಿ ಸ್ಟೀಲ್ ಟೇಪ್ ಇದ್ದೇ ಇತ್ತು. ಬೋರ್ಡಿನ ಪಕ್ಕ ನಿಂತ ಮಗಳು ಬಂದವರಿಗೆಲ್ಲ ವಿವರಿಸುತ್ತಿದ್ದಳು. ಅಪ್ಪ ಜನರ ಹಿಂದೆ ನಿಂತು ಅವಳ ವಿವರಣೆ ಮುಗಿಯುವ ತನಕ ಕೇಳಿದರು. ಆಮೇಲೆ ಚೌಕಟ್ಟು ಅಳೆದು, ಬಟ್ಟೆಯ ಅಂಚು ಅಳೆದು, ನನ್ನ ಕಡೆ ತಿರುಗಿದರು. ಸೂಪರ್‌ವೈಸರ್ ಪಕ್ಕದಲ್ಲೇ ಇದ್ದರು.

“ಸಣ್ಣ ಚೌಕದ ಬದಿ ಎಕ್ಸಾಕ್ಟ್ ಎಷ್ಟು ಇಟ್ಟದ್ದು ಅಕ್ಕ?” ಎಂದರು.

“ನೂರ ತೊಂಬತ್ತೆಂಟು ಹೊಲಿದದ್ದು. ಬೇಕಾದದ್ದು ಅದಕ್ಕಿಂತ ಒಂದು ಕೂದಲು ಕಡಿಮೆ.”

“ಆ ಕೂದಲು ಎಷ್ಟು?”

“ಅದು ಹೇಳಿ ಮುಗಿಯುವುದಿಲ್ಲ.”

ಸೂಪರ್‌ವೈಸರ್ ನಕ್ಕರು. “ನಿಮಗೆ ಗೊತ್ತಿಲ್ವಾ ಅಕ್ಕ?”

“ಯಾರಿಂದಲೂ ಬರೆದು ಮುಗಿಸ್ಲಿಕ್ಕೆ ಆಗುವುದಿಲ್ಲ,” ಎಂದೆ. “ನಿಮ್ಮಿಂದಲೂ.”

ಅವರು ಮಿಸ್ ಕಡೆ ನೋಡಿದರು. ಮಿಸ್ ಹೌದೆಂದು ತಲೆಯಾಡಿಸಿದರು. ಸಂಜೆ ಎಲ್ಲ ಖಾಲಿಯಾದ ಮೇಲೆ ನಾನು ಎಂದಿನಂತೆ ಕೋಣೆಗೆ ಬೀಗ ಹಾಕಿ ಕೀಲಿಕೈ ಹಿಂದಿರುಗಿಸಲು ಹೋದೆ. ಸೂಪರ್‌ವೈಸರ್ ಫೋನಿನಲ್ಲಿದ್ದರು. ಬೇಡ, ನಿಮ್ಮಲ್ಲೇ ಇರಲಿ ಎಂದು ಕೈಸನ್ನೆ ಮಾಡಿದರು. ಹನ್ನೊಂದು ವರ್ಷ ಅದು ನನ್ನ ಸೆರಗಿನ ತುದಿಯಲ್ಲಿತ್ತು.

ಬ್ಲೌಸಿಗೆ ಈಗಲೂ ಐದಕ್ಕೆ ಏಳೇ ಹಾಕುತ್ತೇನೆ. ದೊಡ್ಡದಕ್ಕೆ ಹನ್ನೆರಡಕ್ಕೆ ಹದಿನೇಳು, ಅದರಲ್ಲಿ ಒಂದು ನೂಲು ಕಡಿಮೆ. ಕೆಲಸ ಬಿಡುವಾಗ ಮಿಸ್ ಆ ಬಟ್ಟೆಯನ್ನು ಮಡಚಿ ನನಗೇ ಕೊಟ್ಟರು. ನಮ್ಮ ಮನೆಯ ಹಾಲ್‌ನ ಸೋಫಾದ ಮೇಲೆ ಹೊದೆಸಿರುವ ಹಳದಿ ನೀಲಿ ಬಟ್ಟೆ ಅದೇ. ಊಟದ ಮೇಜು ಬಿಟ್ಟರೆ ನೀವು ಅದರ ಮೇಲೆ ಕುಳಿತೇ ಜಗಳವಾಡುವುದು. ಅದರ ನಡುವಿನ ಹೊಲಿಗೆಯ ಮೇಲೆ ಬೆರಳು ಓಡಿಸಿ ನೋಡಿ, ಉಳಿದ ಕಡೆಗಿಂತ ದಪ್ಪಗೆ ಸಿಗುತ್ತದೆ. ಒಳಗೆ ಒಂದು ಸೆಂಟಿಮೀಟರ್ ಹೆಚ್ಚಿನ ಬಟ್ಟೆ ಇದೆ, ಅದರಲ್ಲಿ ಹಳೆಯ ಸೂಜಿಯ ತೂತುಗಳಿವೆ. ಅಂದು ನಾನು ಅದನ್ನು ಕತ್ತರಿಸಲಿಲ್ಲ. ಈಗಲೂ ಅಲ್ಲೇ ಇದೆ.